ಕಾಲಿಗೆ ಅರಿಶಿನ, ಕೈಗೆ ಲೋಳೆಸರ

ಕಳೆದ ಮಳೆಗಾಲದ ಕೊನೆಗೆ ಪುತ್ತೂರು ಪೇಟೆಯಿಂದ ಮನೆಗೆ ಬರುವಾಗ ಬೈಕ್ ಜಾರಿತು. ಬಿದ್ದದ್ದು ಮುರಕಲ್ಲಿನ ಮೇಲೆ. ಎಡ ಮೊಣಕಾಲು, ಎಡ ಮೊಣಕೈ ಎರಡೂ ತರಚಿಹೋದವು. ಹೆಚ್ಚುಕಮ್ಮಿ ಒಂದೇ ಅಗಲದ ಗಾಯ. ಅಮ್ಮ ಅರಿಶಿನ ಅಂದರು. ನನಗೆ ಲೋಳೆಸರದ ಮೇಲೆ ನಂಬಿಕೆ. ಜಗಳ ಯಾಕೆಂದು ಪಾಲು ಮಾಡಿಕೊಂಡೆವು: ಕಾಲು ಅಮ್ಮನಿಗೆ, ಕೈ ನನಗೆ. ಅದಕ್ಕೂ ಮೊದಲು ನಲ್ಲಿ ಬಿಟ್ಟು ಸೋಪು ಹಾಕಿ ಎರಡನ್ನೂ ಚೆನ್ನಾಗಿ ತೊಳೆದೆ.

ಅಮ್ಮ ಪ್ಯಾಕೆಟ್ ಪುಡಿ ಮುಟ್ಟುವುದಿಲ್ಲ. ಬಣ್ಣ ಬೆರೆಸಿರುತ್ತಾರೆಂಬ ಗುಮಾನಿ. ಅರಿಶಿನದ ಕೊಂಬನ್ನೇ ಕಲ್ಲಿಗೆ ತೇಯ್ದು, ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿದರು. ಎರಡು ನಿಮಿಷ ಉರಿ, ಆಮೇಲೆ ಸುಮ್ಮನಾಯಿತು. ಗಾಯ ಬೇಗ ಒಣಗಿತು, ಕೀವಾಗಲಿಲ್ಲ. ಆದರೆ ಅರಿಶಿನವೂ ಹಕ್ಕಳೆಯೂ ಸೇರಿ ಹಪ್ಪಳದ ಹಾಗೆ ಗಟ್ಟಿಯಾಯಿತು. ಕಾಲು ಮಡಚಿದಾಗೆಲ್ಲ ಬಿರಿದು ಮತ್ತೆ ರಕ್ತ. ಪೂರ್ತಿ ಮಾಯಲು 12 ದಿನ ಹಿಡಿಯಿತು. ಎರಡು ಬಿಳಿ ಪಂಚೆ ಹಳದಿಯಾದದ್ದು ಬೇರೆ ಲೆಕ್ಕ.

ಅಂದಹಾಗೆ, ಗಾಯಕ್ಕೆ ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿ.ಎಸ್.ಐ.ಆರ್. ಹಳೆಯ ಬರಹಗಳ ಪುರಾವೆ ಇಟ್ಟು ತಕರಾರು ಎತ್ತಿತು, 1997ರಲ್ಲಿ ಅದು ರದ್ದಾಯಿತು. ಇದನ್ನು ಅಮ್ಮನಿಗೆ ಹೇಳಿದೆ. "ನನ್ನನ್ನು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆನಲ್ಲ" ಅಂದರು.

ಲೋಳೆಸರಕ್ಕೆ ತಾಳ್ಮೆ ಬೇಕು. ಎಲೆ ಕೊಯ್ದು ಬುಡ ಕೆಳಗೆ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಹಳದಿ ರಸ ಇಳಿದುಹೋಗಬೇಕು, ಅದು ತಾಗಿದರೆ ತುರಿಕೆ. ಒಳಗಿನ ತಿಳಿ ಲೋಳೆ ಮಾತ್ರ ಹಚ್ಚಿದೆ, ದಿನಕ್ಕೆ ಮೂರು ಸಲ. ತಣ್ಣಗೆ ಹಾಯ್ ಅನಿಸಿತು. ಚರ್ಮ ಮೆತ್ತಗೇ ಉಳಿಯಿತು, ಬಿರಿಯಲಿಲ್ಲ. ಒಂಬತ್ತನೇ ದಿನಕ್ಕೆ ಮೊಣಕೈ ಸರಿಹೋಯಿತು. ಮೊಣಕಾಲು ಜಾಸ್ತಿ ಮಡಚುತ್ತದೆ, ಹಾಗಾಗಿ ಪಂದ್ಯ ಸರಿಯಾದದ್ದಲ್ಲ ಎಂದು ಅಮ್ಮನ ವಾದ. ಅದೂ ನಿಜವೇ. ಆದರೂ ತರಚುಗಾಯಕ್ಕೆ ನನ್ನ ಮತ ಲೋಳೆಸರಕ್ಕೆ.

ಹರಿಯುವ ರಕ್ತಕ್ಕೆ ಮಾತ್ರ ಈ ಎರಡೂ ಪ್ರಯೋಜನವಿಲ್ಲ. ಎರಡು ತಿಂಗಳ ನಂತರ ದನಕ್ಕೆ ಹುಲ್ಲು ಕೊಯ್ಯುವಾಗ ಕತ್ತಿ ತೋರುಬೆರಳಿಗೆ ತಾಗಿತು. ಪಕ್ಕದಲ್ಲೇ ಕಮ್ಯುನಿಸ್ಟ್ ಗಿಡ. ಅಮೆರಿಕ ಖಂಡದಿಂದ ಬಂದು ನಮ್ಮ ಗುಡ್ಡವನ್ನೆಲ್ಲ ನುಂಗಿದ ಕಳೆ, ದನವೂ ಬಾಯಿ ಹಾಕುವುದಿಲ್ಲ. ನಾಲ್ಕು ಎಳೆ ಎಲೆ ಅಂಗೈಯಲ್ಲಿ ತಿಕ್ಕಿ, ರಸ ಹಿಂಡಿ, ಎಲೆಯನ್ನೇ ಒತ್ತಿ ಹಿಡಿದೆ. ಮೂಗಿಗೆ ಬಡಿಯುವ ವಾಸನೆ, ಒಳ್ಳೆಯ ಉರಿ. ಐದು ನಿಮಿಷದೊಳಗೆ ರಕ್ತ ನಿಂತಿತು. ನಿಲ್ಲಿಸಿದ್ದು ಎಲೆಯೋ, ಒತ್ತಿ ಹಿಡಿದದ್ದೋ? ಇನ್ನೊಮ್ಮೆ ಅಂಥದ್ದೇ ಗಾಯಕ್ಕೆ ಬರೀ ಬಟ್ಟೆ ಒತ್ತಿ ನೋಡಿದೆ. ಆಗಲೂ ನಿಂತಿತು, ಆದರೆ ಹೊತ್ತು ಜಾಸ್ತಿ ಹಿಡಿಯಿತು.

ನಮ್ಮ ಅತ್ತಿಗೆ ನರ್ಸ್. ಕೇಳಿದ್ದೇ ಬೈದರು. "ಎಲೆಯಲ್ಲಿ ಮಣ್ಣಿತ್ತಲ್ವಾ? ಮೊದಲು ಟಿ.ಟಿ. ಹಾಕಿಸಿಕೋ." ಧನುರ್ವಾಯು ತರುವ ರೋಗಾಣು ಇರುವುದು ಮಣ್ಣಿನಲ್ಲೇ. ಅವತ್ತೇ ಹೋಗಿ ಹಾಕಿಸಿಕೊಂಡೆ. ಈಗ ಎಲೆ ತೊಳೆಯದೆ ಮುಟ್ಟುವುದಿಲ್ಲ, ರಕ್ತ ನಿಂತ ಮೇಲೆ ಸೋಪು ಹಾಕಿ ತೊಳೆದುಬಿಡುತ್ತೇನೆ. ಆಳದ ಗಾಯ, ತುಕ್ಕು ಹಿಡಿದ ಮೊಳೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಇವಕ್ಕೆ ಯಾವ ಸೊಪ್ಪೂ ಬೇಡ. ನಾಯಿ ಕಚ್ಚಿದರಂತೂ 15 ನಿಮಿಷ ಸೋಪುನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ.

ಈ ಸಲ ತೋಟದ ಕಳೆ ಸವರುವಾಗ ಪಂಪ್ ಶೆಡ್ ಹತ್ತಿರದ ನಲ್ಲಿ ಪಕ್ಕ ಕಮ್ಯುನಿಸ್ಟ್ ಗಿಡದ ಒಂದು ಬುಡ ಬಿಟ್ಟಿದ್ದೇನೆ. ಅಮ್ಮ ಅದನ್ನು ಕಂಡಾಗೆಲ್ಲ ಗೊಣಗುತ್ತಾರೆ.