ಉಚ್ಚೆ ಕಟ್ಟಿದ ಬೆಕ್ಕಿಗೆ ಪೌಚಾ, ಡ್ರೈ ಫುಡ್ಡಾ, ಫೌಂಟನ್ನಾ?

ನನ್ನ ಓಟು ಯೂರಿನರಿ ಪೌಚಿಗೆ, ಅಂದ್ರೆ ಉಚ್ಚೆ ತೊಂದರೆ ಇರೋ ಬೆಕ್ಕಿಗಂತಲೇ ಮಾಡಿದ ಗ್ರೇವಿ ಊಟದ ಪೊಟ್ಟಣಕ್ಕೆ. ನಮ್ಮ ಬೆಕ್ಕು ಗುಂಡನಿಗೆ ಉಚ್ಚೆ ಕಟ್ಟಿ, ಕ್ಯಾತಿಟರ್ (ಉಚ್ಚೆ ಹೊರತೆಗೆಯೋ ಸಣ್ಣ ನಳಿಕೆ) ಹಾಕಿಸಿ ಮನೆಗೆ ಕರ್ಕೊಂಡು ಬಂದ್ಮೇಲೆ ಮೂರನ್ನೂ ಕೊಂಡು ನೋಡಿದ್ದೀನಿ. ಅವನಿಗಿದ್ದದ್ದು ಸ್ಟ್ರೂವೈಟ್ ಅನ್ನೋ ಜಾತಿಯ ಉಚ್ಚೆ ಹರಳು, ಅದು ಯೂರಿನರಿ ಡಯಟ್‌ಗೆ ಕರಗುತ್ತೆ. ಇನ್ನೊಂದು ಜಾತಿ, ಕ್ಯಾಲ್ಸಿಯಂ ಆಕ್ಸಲೇಟ್ ಹರಳಾದ್ರೆ ಯಾವ ಊಟಕ್ಕೂ ಕರಗಲ್ಲ, ಹಾಗಾಗಿ ಉಚ್ಚೆ ಟೆಸ್ಟ್ ಮಾಡಿಸಿ ಡಾಕ್ಟ್ರನ್ನ ಕೇಳಿಯೇ ತಗೊಳ್ಳಿ.

ಪಂಪಿಂದ ನೀರು ಹರಿಸೋ ಫೌಂಟನ್ ಬಟ್ಟಲು ದುಡ್ಡು ದಂಡ. ಪಂಪಿಗೆ ಕೂದಲು ಸಿಕ್ಕಿಕೊಂಡು ಗುರ್ ಅನ್ನುತ್ತೆ, ಗುಂಡ ಹತ್ರಾನೂ ಸುಳಿಯಲ್ಲ. ಅಗಲ ಬಾಯಿಯ ಸ್ಟೀಲ್ ಬಟ್ಟಲು ಎರಡು ಮೂರು ಕಡೆ ಇಟ್ರೆ ಅದ್ರಲ್ಲೇ ಚೆನ್ನಾಗಿ ಕುಡೀತಾನೆ.

ಯೂರಿನರಿ ಡ್ರೈ ಫುಡ್ ಕೆಟ್ಟದ್ದಲ್ಲ, ಅದೂ ಹರಳು ಕರಗಿಸುತ್ತೆ, ಖರ್ಚೂ ಕಮ್ಮಿ. ಆದ್ರೆ ಅದ್ರಲ್ಲಿ ನೀರು 10% ಆಸುಪಾಸು ಅಷ್ಟೇ, ಪೌಚಲ್ಲಿ 80%ರ ಹತ್ರ. ಗಂಡು ಬೆಕ್ಕಿನ ಮೂತ್ರನಾಳ ಮೊದಲೇ ಸಪೂರ, ಉಚ್ಚೆ ತೆಳ್ಳಗಿದ್ದಷ್ಟೂ ಒಳ್ಳೇದು.

ಪೌಚಿನ ದೊಡ್ಡ ತಲೆನೋವು ಏನಂದ್ರೆ ಇವನು ಗ್ರೇವಿ ಮಾತ್ರ ನೆಕ್ಕಿ ತುಂಡುಗಳನ್ನೆಲ್ಲ ಹಾಗೇ ಬಿಟ್ಟು ಎದ್ದು ಹೋಗ್ತಾನೆ, ಅಷ್ಟು ದುಡ್ಡು ಕೊಟ್ಟಿದ್ದು ಬಟ್ಟಲಲ್ಲೇ ಒಣಗ್ತಾ ಇರುತ್ತೆ, ಅರ್ಧ ಗಂಟೆ ಬಿಟ್ಟು ನೋಡಿದ್ರೆ ಇರುವೆ ಸಾಲು. ಮಿಕ್ಕಿದ್ದನ್ನ ಫ್ರಿಜ್ಜಲ್ಲಿಟ್ಟು ರಾತ್ರಿ ಕೊಟ್ರೆ ತಣ್ಣಗಿದೆ ಅಂತ ಮೂಸಿ ನೋಡಿ ಹಿಂದೆ ಸರೀತಾನೆ.

ಈಗ ನಾನು ಮಾಡೋದು ಹೀಗೆ: ತುಂಡುಗಳನ್ನ ಫೋರ್ಕಲ್ಲಿ ಚೆನ್ನಾಗಿ ಕಿವುಚಿ, ಎರಡು ಚಮಚ ಬೆಚ್ಚಗಿನ ನೀರು ಬೆರೆಸಿ ಗಂಜಿ ಹದಕ್ಕೆ ತರ್ತೀನಿ, ಬಟ್ಟಲನ್ನ ನೀರು ಹಾಕಿದ ತಟ್ಟೆ ಮೇಲಿಡ್ತೀನಿ. ಗ್ರೇವಿ ಬೇರೆ ತುಂಡು ಬೇರೆ ಅಂತ ಇಲ್ದಿದ್ರೆ ಬಟ್ಟಲು ಖಾಲಿ ಮಾಡ್ತಾನೆ, ಇರುವೇನೂ ಹತ್ತಲ್ಲ.

ಮೂರು ಹೊತ್ತೂ ಪೌಚ್ ಹಾಕೋಕೆ ನನ್ನ ಸಂಬಳ ಸಾಲಲ್ಲ. ಬೆಳಿಗ್ಗೆ, ರಾತ್ರಿ ಪೌಚು, ನಾನು ಆಫೀಸಲ್ಲಿರೋ ಹೊತ್ತಿಗೆ ಯೂರಿನರಿ ಡ್ರೈ ಫುಡ್ಡು. ಮಾಮೂಲಿ ಟ್ರೀಟ್ಸ್, ಒಣಮೀನು ಪೂರ್ತಿ ಬಂದ್. ಲಿಟರ್ ಟ್ರೇನಲ್ಲಿ (ಅವನು ಉಚ್ಚೆ ಮಾಡೋ ಮರಳಿನ ತಟ್ಟೆ) ಉಚ್ಚೆ ಬಿದ್ದು ಕಟ್ಟೋ, ನೆಲ್ಲಿಕಾಯಷ್ಟಿದ್ದ ಉಂಡೆ ಈಗ ನಿಂಬೆಹಣ್ಣಿನಷ್ಟಾಗಿದೆ, ದಿನಾ ಅದನ್ನ ನೋಡಿದ್ರೇನೇ ನನಗೆ ಸಮಾಧಾನ.

ಇದೆಲ್ಲ ಕಟ್ಟಿದ್ದು ಬಿಡಿಸಿದ ಮೇಲಿನ ಮಾತು. ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ತಿಣುಕಿದ್ರೂ ಒಂದು ಹನಿನೂ ಬರ್ತಿಲ್ಲ, ಉಚ್ಚೆ ಜಾಗಾನೇ ನೆಕ್ಕೊತಿದೆ, ವಾಂತಿ ಮಾಡ್ತಿದೆ ಅಂದ್ರೆ ಮಲಬದ್ಧತೆ ಇರ್ಬೇಕು ಅಂತ ಬೆಳಗಿನವರೆಗೂ ಕಾಯ್ಬೇಡಿ. ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯ ನಿಲ್ಲಬಹುದು, ರಾತ್ರಿ ಎಷ್ಟೊತ್ತಾದ್ರೂ ತೆರೆದಿರೋ ಆಸ್ಪತ್ರೆ ಹುಡುಕಿ ಹೊರಡಿ.