ವಿದೇಶಕ್ಕೆ ಹೊರಟವರ ಎರಡು ಭಾನುವಾರದ ಕ್ಲಾಸು: ಮೊದಲನೆಯದಕ್ಕೆ ಹೋಗಿ, ಎರಡನೆಯದು ತಿದ್ದಬೇಕು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಐಇಎಲ್‌ಟಿಎಸ್, ಜರ್ಮನ್ ಹೇಳಿಕೊಡುವ ಸೆಂಟರೊಂದು ವೀಸಾ ಆದವರಿಗೆ ಎರಡು ಭಾನುವಾರ ಕ್ಲಾಸು ನಡೆಸುತ್ತದೆ. ಎಂಎಸ್‌ಗೆ ಹೊರಟ ಎಂಜಿನಿಯರಿಂಗ್ ಹುಡುಗರು, ನರ್ಸ್‌ಗಳು, ಗಂಡ ಇರುವ ಊರಿಗೆ ಹೋಗುವ ಹೆಣ್ಣುಮಕ್ಕಳು ಬರುತ್ತಾರೆ. ಮೊದಲ ಭಾನುವಾರದ ಬ್ಯಾಂಕು, ಇನ್ಶೂರೆನ್ಸ್, ಲಗೇಜಿನ ಪಾಠ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎರಡನೆಯದು ಧರ್ಮ ಮತ್ತು ಕಾನೂನಿನದು. ತೊಂದರೆ ಇರುವುದು ಅಲ್ಲಿ.

‘ಅದು ಸೆಕ್ಯುಲರ್ ದೇಶ. ಲಿಂಗ ತೆಗೆದಿಡಿ, ವಿಭೂತಿ ಬೇಡ, ಹಿಜಾಬ್ ಏರ್‌ಪೋರ್ಟಿನಲ್ಲೇ ಬಿಡಿ’ ಎಂದು ಹೇಳಿ ಮುಗಿಸುತ್ತಾರೆ. ಯಾವ ಕಾನೂನೂ ಕೇಳದ್ದನ್ನು ಮಕ್ಕಳಿಂದ ಬಿಡಿಸುವ ಪಾಠ ಇದು. ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕಾದದ್ದು ಸರ್ಕಾರ ಮತ್ತು ಅದರ ನೌಕರರು. ಕಚೇರಿಗೆ ಅರ್ಜಿ ಹಿಡಿದು ಹೋದವರಲ್ಲ. ಜರ್ಮನಿಯ ಸಂವಿಧಾನದ 4ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯವನ್ನು ಕೊಟ್ಟೇ ಇದೆ. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ರಕ್ಷಿಸುವ ಒಂಬತ್ತು ಅಂಶಗಳಲ್ಲಿ ಧರ್ಮವೂ ಒಂದು.

ಫ್ರಾನ್ಸಿನ ಬಗ್ಗೆ ಕೊಡುವ ಜೆರಾಕ್ಸ್ ಹಾಳೆಯಲ್ಲಿ ಮೂರು ಕಾನೂನುಗಳನ್ನು ಕಲಸಿಬಿಟ್ಟಿದ್ದಾರೆ. 1905ರದ್ದು ಚರ್ಚು ಮತ್ತು ಸರ್ಕಾರವನ್ನು ಬೇರ್ಪಡಿಸಿತು. 2004ರದ್ದು ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನು ಸರ್ಕಾರಿ ಶಾಲೆಗಳಲ್ಲಿ ನಿಷೇಧಿಸಿತು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅದು ಅನ್ವಯಿಸದು. 2010ರದ್ದು ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚುವುದರ ಬಗ್ಗೆ, ದಂಡ 150 ಯೂರೋವರೆಗೆ. ತಲೆಗೆ ಕಟ್ಟಿದ ಬಟ್ಟೆ ಇದರಲ್ಲಿ ಬರುವುದಿಲ್ಲ. ಪ್ಯಾರಿಸ್ಸಿಗೆ ಎಂಎಸ್ ಓದಲು ಹೊರಟ ಹುಡುಗಿಗೆ ಬೇಕಾದದ್ದು ಈ ವ್ಯತ್ಯಾಸವೇ.

ಇನ್ನೂ ದುಬಾರಿ ತಪ್ಪು ಜರ್ಮನಿಯ ವಿಳಾಸ ನೋಂದಣಿಯದು. ಮನೆಗೆ ಹೋದ ಎರಡು ವಾರದೊಳಗೆ ‘ಆನ್ಮೆಲ್ಡುಂಗ್’ ಆಗಬೇಕು. ಬಾಡಿಗೆ ಕರಾರು ಸಾಲದು, ವಾಸವನ್ನು ದೃಢೀಕರಿಸಿ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ಆ ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ಅದು ನಮ್ಮ ಜಾತಿ ಕಾಲಂ ಥರದ್ದಲ್ಲ, ಚರ್ಚಿನ ಸದಸ್ಯರು ಕಟ್ಟುವ ಚರ್ಚ್ ತೆರಿಗೆಗಾಗಿ ಇರುವುದು. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಶೇ 8, ಉಳಿದೆಡೆ ಶೇ 9. ಲೆಕ್ಕ ಸಂಬಳದ ಮೇಲಲ್ಲ, ಕಟ್ಟುವ ಆದಾಯ ತೆರಿಗೆಯ ಮೇಲೆ. ಹಿಂದೂ, ಲಿಂಗಾಯತ, ಮುಸ್ಲಿಮರಿಗೆ ಈ ತೆರಿಗೆ ಇಲ್ಲ, ಅವರು ಕಾಲಂ ಖಾಲಿ ಬಿಟ್ಟರೆ ನಷ್ಟವಿಲ್ಲ. ಆದರೆ ಕ್ಲಾಸಿನಲ್ಲಿ ಎಲ್ಲರಿಗೂ ‘ಧರ್ಮ ಇಲ್ಲ ಅಂತ ಬರೆಯಿರಿ’ ಎನ್ನುತ್ತಾರೆ. ದೀಕ್ಷಾಸ್ನಾನ ಪಡೆದ ಕ್ಯಾಥೋಲಿಕರು ಹಾಗೆ ಬರೆದರೆ ಅದು ಸುಳ್ಳು ಮಾಹಿತಿ, ಮುಂದೆ ಹಿಂದಿನ ಬಾಕಿಯೂ ತಲೆಗೆ ಬರಬಹುದು. ತೆರಿಗೆ ಬೇಡವೆಂದರೆ ಚರ್ಚಿನ ಸದಸ್ಯತ್ವವನ್ನೇ ಬಿಡಬೇಕು, ಅದಕ್ಕೆ ರಾಜ್ಯಕ್ಕೆ ತಕ್ಕಂತೆ ನ್ಯಾಯಾಲಯದಲ್ಲೋ ನೋಂದಣಿ ಕಚೇರಿಯಲ್ಲೋ ಅರ್ಜಿ ಕೊಡಬೇಕು.

ಸ್ವಸ್ತಿಕದ ಬಗ್ಗೆ ಒಂದು ಮಾತೂ ಇಲ್ಲ ಎನ್ನುವುದು ನಂಬಲಾಗದ ಸಂಗತಿ. ಜರ್ಮನಿಯ ದಂಡಸಂಹಿತೆಯ 86ಎ ಕಲಂ ನಾಜಿ ಚಿಹ್ನೆಗಳನ್ನೂ ಅವನ್ನೇ ಹೋಲುವ ಗುರುತುಗಳನ್ನೂ ನಿಷೇಧಿಸುತ್ತದೆ. ಪೂಜೆಯ ಸ್ವಸ್ತಿಕ ಅದರ ಗುರಿಯಲ್ಲ. ಆದರೂ ಹೊಸ ಕಾರಿನ ಬಾನೆಟ್ಟಿಗೆ ಕುಂಕುಮದಲ್ಲಿ ಬರೆದರೆ, ಬಾಗಿಲ ಮುಂದೆ ರಂಗೋಲಿ ಹಾಕಿದರೆ ದಾರಿಹೋಕರಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ? ದೇವರ ಮನೆಯಲ್ಲಿರಲಿ, ಹೊರಗೆ ‘ಶ್ರೀ’ ಬರೆಯಿರಿ.

ಜರ್ಮನಿಯ ಪೌರತ್ವ ಪರೀಕ್ಷೆಯ ಪಾಠ ಮಾತ್ರ ಸರಿಯಾಗಿದೆ: 33 ಪ್ರಶ್ನೆ, 60 ನಿಮಿಷ, 17 ಸರಿಯಾದರೆ ಪಾಸು. ಅದರ ಜೊತೆಗೇ ಹೇಳಬೇಕಾದದ್ದನ್ನು ಬಿಟ್ಟಿದ್ದಾರೆ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಅಲ್ಲಿನ ಪೌರತ್ವ ಪಡೆದರೆ ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕು.

ಫೀಜು ಕಟ್ಟುವ ಮುಂಚೆ ಎರಡನೇ ಭಾನುವಾರದ ನೋಟ್ಸ್ ಕೇಳಿ ಓದಿ. ಖಾಲಿ ನೋಂದಣಿ ಫಾರಂ ಒಂದನ್ನು ತರಿಸಿ, ಕ್ಲಾಸಿನಲ್ಲೇ ತುಂಬಿಸಿ ತೋರಿಸಲು ಪಟ್ಟು ಹಿಡಿಯಿರಿ.