ಶಿಫ್ಟ್ ಕೆಲಸದವಳಿಗೆ ಮಾತ್ರೆಗಿಂತ ಕಾಪರ್ ಟಿಯೇ ಸರಿ

ಗರ್ಭನಿರೋಧಕ ಯಾವುದು ಒಳ್ಳೆಯದು ಎಂದು ಕೇಳಿದವರಿಗೆ ನಾನು ಸಾಮಾನ್ಯವಾಗಿ ಹೇಳುವುದು ಕಾಪರ್ ಟಿ, ಅಂದರೆ ಗರ್ಭಕೋಶದೊಳಗೆ ಇಡುವ ತಾಮ್ರದ ಪುಟ್ಟ ಸಾಧನ. ಮಾತ್ರೆ, ಇಂಜೆಕ್ಷನ್, ಕಾಂಡೋಮ್ ಮೂರನ್ನೂ ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ಮಾತ್ರೆಯಿಂದ ನನಗೆ ಒಳ್ಳೆಯದೂ ಆಗಿದೆ. ಮುಟ್ಟು ಹೇಳಿದ ದಿನಕ್ಕೆ ಬರುತ್ತಿತ್ತು, ಹೊಟ್ಟೆನೋವು ಕಡಿಮೆಯಾಗಿತ್ತು. ಕಾಡಿದ್ದು ಅದರ ಹೊತ್ತು. ದಿನಾ ಒಂದೇ ಸಮಯಕ್ಕೆ ನುಂಗಬೇಕು. ನನ್ನದೋ ಶಿಫ್ಟ್ ಕೆಲಸ. ಒಂದು ವಾರ ರಾತ್ರಿ 10 ಗಂಟೆಗೆ ನಿದ್ದೆ, ಮುಂದಿನ ವಾರ ಅದೇ 10 ಗಂಟೆಗೆ ಕೆಲಸಕ್ಕೆ ಹಾಜರಿ. ಅಲಾರಂ ಹೊಡೆದಾಗ ಸ್ಟ್ರಿಪ್ ಇನ್ನೊಂದು ಬ್ಯಾಗಿನಲ್ಲಿರುತ್ತಿತ್ತು.

ಗುರುವಾರದ ಮಾತ್ರೆ ಸ್ಟ್ರಿಪ್ಪಿನಲ್ಲೇ ಉಳಿದಿರುವುದು ಶನಿವಾರ ಕಣ್ಣಿಗೆ ಬಿತ್ತೆಂದರೆ ಲೆಕ್ಕ ಶುರು. ಒಂದೇ ತಪ್ಪಿದ್ದರೆ ನೆನಪಾದ ಕೂಡಲೇ ನುಂಗಿ ಮುಂದುವರಿಯಬಹುದು. ಎರಡೋ ಮೂರೋ ತಪ್ಪಿದ್ದರೆ, ಮತ್ತೆ ಸತತ 7 ದಿನ ನುಂಗುವ ತನಕ ಕಾಂಡೋಮ್ ಬೇಕೇ ಬೇಕು. ನುಂಗಿದ ಸ್ವಲ್ಪ ಹೊತ್ತಿಗೆ ವಾಂತಿಯಾದರೆ ಇನ್ನೊಂದು ಮಾತ್ರೆ. ಚಾಚೂ ತಪ್ಪದೆ ನುಂಗಿದರೆ ವರ್ಷದಲ್ಲಿ 100ಕ್ಕೆ ಒಬ್ಬರೂ ಬಸುರಾಗುವುದಿಲ್ಲ. ಎಲ್ಲರೂ ನುಂಗುವ ರೀತಿಯಲ್ಲಿ ನುಂಗಿದರೆ ಸುಮಾರು 7 ಜನ. ಈ ವ್ಯತ್ಯಾಸವೇ ನನ್ನನ್ನು ಪ್ರತಿ ತಿಂಗಳೂ ಕ್ಯಾಲೆಂಡರ್ ಮುಂದೆ ನಿಲ್ಲಿಸುತ್ತಿತ್ತು. 35 ದಾಟಿ ಸಿಗರೇಟು ಸೇದುವವರು, ಬಿಪಿ ಇರುವವರು, ರಕ್ತ ಹೆಪ್ಪುಗಟ್ಟಿದ್ದವರು ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಮಾತ್ರೆಯ ತಂಟೆಗೇ ಹೋಗಬಾರದು.

ಇಂಜೆಕ್ಷನ್ 3 ತಿಂಗಳಿಗೊಮ್ಮೆ, ನೆನಪಿನ ಕಾಟವಿಲ್ಲ. ಆದರೆ ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ರಕ್ತ ಕಾಣುವ ಸ್ಪಾಟಿಂಗ್ ನನಗೆ ಸಾಕುಸಾಕಾಯಿತು. ಬೇಡವೆನಿಸಿದರೂ ಚುಚ್ಚಿದ್ದನ್ನು ವಾಪಸ್ ತೆಗೆಯಲಾಗದು. ನಿಲ್ಲಿಸಿದ ಮೇಲೂ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗಬಹುದು, ಬೇಗ ಮಗು ಬೇಕೆನ್ನುವವರು ಯೋಚಿಸಿ.

ಕಾಂಡೋಮ್ ಲೈಂಗಿಕ ರೋಗಗಳಿಂದಲೂ ಕಾಪಾಡುತ್ತದೆ, ಉಳಿದ ಮೂರರಿಂದ ಅದು ಆಗದು.

ಕಾಪರ್ ಟಿಯಲ್ಲಿ ಹಾರ್ಮೋನ್ ಇಲ್ಲ, ವೀರ್ಯಾಣುಗಳ ಶಕ್ತಿಗುಂದಿಸುವುದು ತಾಮ್ರ. ಹಾಕುವಾಗ ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವಾಯಿತು. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ, ದೊಡ್ಡ ಪ್ಯಾಡೇ ಬೇಕಾಗುತ್ತಿತ್ತು. ಆಮೇಲೆ ಹದಕ್ಕೆ ಬಂತು. ಮೊದಲಿಂದಲೂ ಅತಿಸ್ರಾವ, ರಕ್ತಹೀನತೆ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ, ಅವರಿಗೆ ಗರ್ಭಕೋಶದಲ್ಲೇ ಇಡುವ, ಆದರೆ ಹಾರ್ಮೋನ್ ಇರುವ ಸಾಧನವೇ ಮೇಲು.

ನನಗೆ ಪಾಳಿ ಬದಲಾಗುತ್ತಲೇ ಇರುತ್ತದೆ, ತಿಂಗಳು ತಿಂಗಳೂ ಸ್ಟ್ರಿಪ್ಪಿಗೆ ದುಡ್ಡು ಎತ್ತಿಡುವುದೂ ಬೇಡ. ಕಾಪರ್ ಟಿಯಲ್ಲಿ 380ಎ ಎನ್ನುವ ಬಗೆಯನ್ನು ಒಮ್ಮೆ ಹಾಕಿಸಿದರೆ 10 ವರ್ಷ. ಮಗು ಬೇಕೆನಿಸಿದಾಗ ತೆಗೆಸಿದರಾಯಿತು, ಇಂಜೆಕ್ಷನ್ನಿನಂತೆ ಕಾಯಬೇಕಿಲ್ಲ. ಮುಟ್ಟು ಮುಗಿದ ಮೇಲೆ ಬೆರಳಿಗೆ ಕಾಪರ್ ಟಿಗೆ ಕಟ್ಟಿರುವ ದಾರದ ತುದಿ ಸಿಗುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ. ಅದು ಸಿಗದಿದ್ದರೆ, ಇಲ್ಲವೇ ಉದ್ದವಾದಂತೆ ಅನಿಸಿದರೆ, ಡಾಕ್ಟರ್ ನೋಡುವ ತನಕ ಕಾಂಡೋಮ್ ಬಳಸಿ.